ಒಂದಕ್ಷರದ ಅಂತರ

ಇಂಗ್ಲಿಷಿನಲ್ಲಿ ‘ಲಿಟ್ಲ್’ ಎಂಬೊಂದು ಪದವಿದೆ. ಶಿಶುವಿಹಾರದ ಮಗುವಿಗೂ ಗೊತ್ತಿರುವ ಪದ. ಇದರ ಮೇಲೆ ಬರೆಯುವುದೇನಿದೆ ಎಂದು ವಾಚಕರು ಹುಬ್ಬೇರಿಸಬಹುದು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ನಮ್ಮ ಮೇಷ್ಟರು ಇದಕ್ಕೆ ‘ಚಿಕ್ಕ’ ಎಂದು ಅರ್ಥ ಬರೆಸಿದ್ದರು. ‘ಸ್ಮಾಲ್’ ಎಂಬುದಕ್ಕೂ ಅದೇ ಅರ್ಥ. ಆದರೆ ಇವೆರಡೂ ಒಂದೇ ಅಲ್ಲ. ‘ಸ್ಮಾಲ್’ ಎಂಬುದು ಅಳತೆಯ ಮಾತು. ಅಂಗಿಯ ಕಾಲರಿನ ಚೀಟಿಯಲ್ಲಿ ಅದೇ ಇರಬೇಕು. ‘ಲಿಟ್ಲ್’ ಎನ್ನುವುದಕ್ಕೆ ಮನಸ್ಸುಂಟು. ಬಾಡಿಗೆಗೆ ಕೊಡುವವನು ತನ್ನ ಮನೆಯನ್ನು ‘ಸ್ಮಾಲ್’ ಎಂದಾನು. ಅದರಲ್ಲಿ ಹುಟ್ಟಿ ಬೆಳೆದವನು ‘ಲಿಟ್ಲ್’ ಎನ್ನುತ್ತಾನೆ. ನಮ್ಮ ‘ಸಣ್ಣ’ಕ್ಕೂ ‘ಪುಟ್ಟ’ಕ್ಕೂ ಇರುವ ವ್ಯತ್ಯಾಸವೂ ಹೆಚ್ಚುಕಡಿಮೆ ಇದೇ. ಮಗುವಿನದು ಪುಟ್ಟ ಹೆಜ್ಜೆ. ನೆರೆಯವನದು ಮಾತ್ರ ಯಾವಾಗಲೂ ಸಣ್ಣ ಬುದ್ಧಿ! ರಾಬಿನ್ ಹುಡ್ ಕಥೆಯಲ್ಲಿ ಬರುವ ಆಜಾನುಬಾಹು ಜಾನನನ್ನು ಅವನ ಸಂಗಡಿಗರು ಕರೆದದ್ದು ‘ಲಿಟ್ಲ್ ಜಾನ್’ ಎಂದು. ನಮ್ಮಲ್ಲಿಯೂ ಆರಡಿಯ ಪುಟ್ಟಸ್ವಾಮಿಗಳಿಗೆ ಬರವಿಲ್ಲ.

ಇದು ಗಾತ್ರದ ಮಾತಾಯಿತು. ಪ್ರಮಾಣದ ಮಾತಿಗೆ ಬಂದಾಗಲೇ ಈ ಪದದ ನಿಜವಾದ ಪೇಚು. ಮೊದಲಿಗೆ ‘ಎ’ ಎಂಬ ಒಂದಕ್ಷರ ಸೇರಿದರೆ ‘ಸ್ವಲ್ಪ ಇದೆ’ ಎಂದರ್ಥ. ಅದಿಲ್ಲದಿದ್ದರೆ ‘ಇಲ್ಲವೆಂದೇ ಹೇಳಬೇಕು’ ಎಂದರ್ಥ. ಡಬ್ಬಿಯಲ್ಲಿ ಸಕ್ಕರೆ ‘ಎ ಲಿಟ್ಲ್’ ಇದ್ದರೆ ಬಂದವರಿಗೆ ಕಾಫಿ ಸಿಕ್ಕೀತು; ಬರಿಯ ‘ಲಿಟ್ಲ್’ ಆದರೆ ಉಪಚಾರವೆಲ್ಲ ಮಾತಿನಲ್ಲೇ. ‘ದಿ’ ಸೇರಿದರೆ ಮತ್ತೊಂದು ಅರ್ಥ: ಹೆಚ್ಚಿಲ್ಲ, ಆದರೆ ಇದ್ದಷ್ಟೂ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಲ್ಲಿ ಈ ಮೂರನ್ನೂ ಒಟ್ಟಿಗೆ ವಿವರಿಸಿದ್ದಾರೆ. ಆ ಪುಟವನ್ನು ನಾನು ಓದಿದ್ದು ತಡವಾಗಿ.

1968ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೊಬ್ಬನೇ. ಆ ಬಗ್ಗೆ ಜಂಬವೂ ಇತ್ತು. ಮುಂಬಯಿಯಲ್ಲಿದ್ದ ಸೋದರಮಾವ ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ, ಕನ್ನಡ ಬಾರದ ಒಬ್ಬರು ಅಜ್ಜಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಡಾಕ್ಟರು ‘ಲಿಟ್ಲ್ ಹೋಪ್’ ಎನ್ನುತ್ತಾರೆ ಎಂದಿತ್ತು ಅದರಲ್ಲಿ. ಅಜ್ಜಿ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಹೊರಟುಬಿಡುತ್ತೇನೆಂದು ಬಟ್ಟೆಯ ಗಂಟು ಕಟ್ಟಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ನಾನು ಕಾಗದವನ್ನು ಗಂಭೀರವಾಗಿ ಓದಿ, “ಸ್ವಲ್ಪ ಭರವಸೆ ಇದೆಯಂತೆ ಅಜ್ಜಿ” ಎಂದೆ.

“ಸ್ವಲ್ಪವಾದರೂ ಇದೆಯಲ್ಲ” ಎಂದು ಅವಳು ಗಂಟು ಬಿಚ್ಚಿದಳು. ಆ ರಾತ್ರಿ ಊಟ ಮಾಡಿದಳು. ಕೊಯ್ಲು ಮುಗಿಸಿಕೊಂಡು ಹೋದರಾಯಿತು ಎಂದು ಮನೆಯಲ್ಲಿ ನಿಶ್ಚಯವಾಯಿತು. ನಾಲ್ಕನೆಯ ದಿನ ತಂತಿ ಬಂತು. ಅದನ್ನು ಓದುವುದಕ್ಕೆ ವ್ಯಾಕರಣ ಬೇಕಿರಲಿಲ್ಲ.

ಕಾಲೇಜು ಸೇರಿದ ಮೇಲೆ ರೆನ್ ಮತ್ತು ಮಾರ್ಟಿನ್ನರ ಆ ಪುಟ ಕಣ್ಣಿಗೆ ಬಿತ್ತು. ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಹೇಳಿಬಿಡಬೇಕೆಂದುಕೊಂಡೆ. ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದವಳು ತಾನಾಗಿಯೇ ಮಾವನ ಮಾತೆತ್ತಿದಳು. “ಆ ಕಾಗದ ಬಂದ ರಾತ್ರಿ ಒಂದಿಷ್ಟು ನಿದ್ದೆ ಹತ್ತಿತಪ್ಪ. ಸ್ವಲ್ಪ ಇದೆ ಅಂತಲೇ ಬರೆದಿತ್ತಲ್ಲವಾ?”

“ಹೌದಜ್ಜಿ, ಹಾಗೇ ಬರೆದಿತ್ತು” ಎಂದೆ. ಅವಳ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ನಾನೂ ಬಿಡಿಸತೊಡಗಿದೆ.