ಊರಿಗೊಂದು ಸೆಳೆತ

ಶಾಲೆಯಲ್ಲಿ ಕಲಿತ 9.8 ಎಂಬ ಅಂಕಿಯಿಂದಾಗಿ, ಭೂಮಿ ಎಲ್ಲ ಕಡೆಯೂ ಒಂದೇ ಸಮ ಎಳೆಯುತ್ತದೆಂದು ನಂಬಿಬಿಟ್ಟಿದ್ದೇವೆ. 1672ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ದಕ್ಷಿಣ ಅಮೆರಿಕದ ಕಾಯೆನ್ನಿಗೆ ಹೋದಾಗ, ಪ್ಯಾರಿಸ್ಸಿಗೆ ಸರಿಹೊಂದಿಸಿದ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಕೆಟ್ಟಿರಲಿಲ್ಲ, ಸಮಭಾಜಕ ವೃತ್ತದ ಹತ್ತಿರ ಸೆಳೆತವೇ ಕಡಿಮೆ.

ಹಾಗಾದರೆ ಸೆಳೆತ ನೋಡಿ ಊರು ಹೇಳಬಹುದಲ್ಲ? ಸಬ್‌ಮರೀನಿನವರಿಗೆ ಇದು ಜೀವದ ಪ್ರಶ್ನೆ. ಜಿಪಿಎಸ್ ಸಂಕೇತ ನೀರಿನಾಳಕ್ಕೆ ಇಳಿಯದು. ಎಷ್ಟು ವೇಗ, ಎತ್ತ ತಿರುವು ಎಂದು ಲೆಕ್ಕವಿಡುತ್ತ ಸಾಗಬೇಕು. ಕೂದಲೆಳೆಯ ತಪ್ಪೂ ಗಂಟೆಗಂಟೆಗೆ ಬೆಳೆಯುತ್ತದೆ. ಕಡಲತಳದಲ್ಲಿ ಬೆಟ್ಟವಿದ್ದರೆ ಸೆಳೆತ ತುಸು ಹೆಚ್ಚು, ಕಂದಕವಿದ್ದರೆ ಕಡಿಮೆ. ದಾರಿಯುದ್ದದ ಆ ಏರಿಳಿತವನ್ನು ನಕ್ಷೆಯೊಂದಿಗೆ ತಾಳೆ ನೋಡಿದರೆ ಲೆಕ್ಕ ತಿದ್ದಿಕೊಳ್ಳಬಹುದು. ಇದನ್ನು ಯಾವ ಶತ್ರುವೂ ಜಾಮ್ ಮಾಡಲಾರ. ನನಗೆ ಬಹಳ ಹಿಡಿಸಿದ್ದು ಅದೇ.

ಅಳತೆ ಮಾತ್ರ ಸುಲಭವಲ್ಲ. ಮಾನ ಮಿಲಿಗ್ಯಾಲ್; ಸೆಳೆತದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು. ಪೂರ್ವಕ್ಕೆ ಹೊರಟ ಹಡಗು ಭೂಮಿಯ ತಿರುಗಾಟದ ಜೊತೆಗೂಡಿ ಹಗುರಾಗುತ್ತದೆ: ಸಮಭಾಜಕದಲ್ಲಿ ಒಂದು ನಾಟ್ ವೇಗಕ್ಕೆ ಏಳೂವರೆ ಮಿಲಿಗ್ಯಾಲ್! ವೇಗ ತಪ್ಪಾಗಿ ಹಿಡಿದರೆ ಇಲ್ಲದ ಕಂದಕ ಕಾಣಿಸುತ್ತದೆ. ಅಲೆಗಳ ಕುಲುಕಾಟ ಬೇರೆ. ಅದನ್ನು ತಪ್ಪಿಸಲೆಂದೇ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ 1923ರಲ್ಲೇ ಲೋಲಕಗಳೊಂದಿಗೆ ಸಬ್‌ಮರೀನ್ ಹೊಕ್ಕರು. ಎರಡು ಮೀಟರಿಗಿಂತ ಎತ್ತರದ ಆಳು. ಆ ಇಕ್ಕಟ್ಟಿನಲ್ಲಿ ಹೇಗೆ ಮಲಗಿ ಎದ್ದರೋ! ಇಂದು ನಿರ್ವಾತದಲ್ಲಿ ತಣ್ಣಗಾಗಿಸಿದ ರುಬಿಡಿಯಮ್ ಪರಮಾಣುಗಳನ್ನು ಬೀಳಿಸಿ ಅಳೆಯುವ ಉಪಕರಣಗಳು ಹಡಗು ಹತ್ತಿವೆ.

ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವದ ದೊಡ್ಡ ತಗ್ಗೊಂದಿದೆ. ಕಡಲ ಮಟ್ಟವೇ ಅಲ್ಲಿ ಜಾಗತಿಕ ಸರಾಸರಿಗಿಂತ ಸುಮಾರು 106 ಮೀಟರ್ ಕೆಳಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್, ಆತ್ರೇಯಿ ಘೋಷ್ 2023ರಲ್ಲಿ ಅದರ ಕಾರಣವನ್ನು ಭೂಗರ್ಭದಿಂದ ಮೇಲೇಳುವ ಬಿಸಿ, ಹಗುರ ಶಿಲಾರಾಶಿಯಲ್ಲಿ ಕಂಡರು. ಆದರೆ ದಾರಿ ಹುಡುಕುವವನಿಗೆ ಇಷ್ಟು ವಿಶಾಲವಾದ ಇಳಿಜಾರು ಹೆಚ್ಚು ಉಪಯೋಗಕ್ಕೆ ಬಾರದು. ಅವನಿಗೆ ಬೇಕಾದುದು ಕೆಲವೇ ಮೈಲಿಗೆ ಬದಲಾಗುವ ಉಬ್ಬುತಗ್ಗು. ಸಮತಟ್ಟು ತಳದ ಮೇಲೆ ಎಂಥ ಉಪಕರಣವೂ ಸೋಲುತ್ತದೆ.

ಇನ್ನು ನಕ್ಷೆ. ಕಡಲತಳದ ಎರಡು ಕಿಲೋಮೀಟರ್ ಎತ್ತರದ ಬೆಟ್ಟ ತನ್ನ ಸೆಳೆತದಿಂದ ಮೇಲಿನ ನೀರನ್ನು ಸುಮಾರು ಎರಡು ಮೀಟರ್ ಉಬ್ಬಿಸುತ್ತದೆ. ಆ ಉಬ್ಬನ್ನು ರೇಡಾರಿನಿಂದ ಅಳೆದು ಕಡಲಿನ ಗುರುತ್ವದ ನಕ್ಷೆ ಬರೆದುಕೊಟ್ಟಿದ್ದು ಬಹುಪಾಲು ಉಪಗ್ರಹಗಳೇ. ಅದಕ್ಕಿಂತ ಸೂಕ್ಷ್ಮವಾದುದು ಬೇಕೆಂದರೆ ಹಡಗು ಅಲ್ಲಿಗೇ ಹೋಗಿ, ಸಾಲು ಸಾಲಾಗಿ ಅಳೆದು ಬರಬೇಕು.