ಚೌಕಗಳ ಗೋಡೆಯಿಂದ ಕಂಠೀರವದ ಅಂಗಳಕ್ಕೆ

ರಾಜಾಜಿನಗರದಲ್ಲಿ ಮೆಟ್ರೊ ಹತ್ತಿದರೆ ಯಶವಂತಪುರದ ನಂತರದ ನಿಲ್ದಾಣ ಗೊರಗುಂಟೆಪಾಳ್ಯ. ಅದರ ಸಮೀಪದಲ್ಲೇ 1966ರಲ್ಲಿ ಸ್ಥಾಪನೆಯಾದ ಕಂಠೀರವ ಸ್ಟುಡಿಯೊ ಇದೆ. ಬರುವವರು ಡಾ. ರಾಜಕುಮಾರ್ ಸಮಾಧಿಗೆ ಕೈಮುಗಿದು ಹೊರಡುತ್ತಾರೆ. ಮಕ್ಕಳನ್ನು ಕರೆತಂದ ತಂದೆತಾಯಿಯರು ಇಲ್ಲಿ ಇನ್ನೊಂದು ಕಥೆಯನ್ನೂ ಹೇಳಬಹುದು: ಚಿತ್ರ ಚಲಿಸಲು ಕಲಿತದ್ದು ಹೇಗೆ, ಅದು ಹೆಣ್ಣನ್ನು ಕಂಡದ್ದು ಹೇಗೆ?

ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೆ? ಕಣ್ಣಿಗೆ ಸಿಗದ ಈ ಉತ್ತರವನ್ನು 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳನ್ನಿಟ್ಟು ಹಿಡಿದ. ಬಿಡುತ್ತವೆ! ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಚಲನೆಯನ್ನೂ ಸೆರೆಹಿಡಿದು, 1887ರಲ್ಲಿ 781 ಚಿತ್ರಫಲಕಗಳನ್ನು ಪ್ರಕಟಿಸಿದ.

ಸ್ನಾಯುಗಳ ಚಲನೆ ಕಾಣಲೆಂದು ಗಂಡಸರು, ಹೆಂಗಸರು ಅನೇಕ ಫಲಕಗಳಲ್ಲಿ ವಿವಸ್ತ್ರರಾಗಿದ್ದಾರೆ. ಅಳತೆಗೆಂದು ಹಿಂದೆ ಚೌಕಗಳ ಗೋಡೆ. ರೂಪದರ್ಶಿಗಳಿಗೆ ಹೆಸರಿನ ಬದಲು ಸಂಖ್ಯೆ. ಇಷ್ಟರ ಮಟ್ಟಿಗೆ ಎಲ್ಲರೂ ಸಮಾನರೇ. ಆದರೆ ಕೊಟ್ಟ ಕೆಲಸ ನೋಡಿ. ಗಂಡಸರಿಗೆ ಕುಸ್ತಿ, ಮುಷ್ಟಿಯುದ್ಧ, ಬಡಗಿ ಕೆಲಸ. ಹೆಂಗಸರೂ ನಡೆದರು, ಓಡಿದರು. ಅದರ ಜೊತೆಗೆ ನೀರಿನ ಕೊಡ ಹೊತ್ತರು, ಬಟ್ಟೆ ಒಗೆದರು, ಹಾಸಿಗೆ ಏರಿದರು, ಮುತ್ತು ತೂರಿದರು. ಮುತ್ತು ತೂರುವುದರಲ್ಲಿ ಅಳೆಯಬೇಕಾದ ವಿಜ್ಞಾನವೇನಿತ್ತು? ಕ್ಯಾಮೆರಾ ಸುಳ್ಳು ಹೇಳಲಿಲ್ಲ, ನಿಜ. ಆದರೆ ಅದರ ಮುಂದೆ ಯಾರು ಏನು ಮಾಡಬೇಕೆಂದು ತೀರ್ಮಾನಿಸಿದ್ದು ಗಾಜಿನ ಮಸೂರವಲ್ಲ, ಮನುಷ್ಯ.

ನಮ್ಮಲ್ಲಿ ತೊಡಕು ಬೇರೆ ಬಗೆಯದು. 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ನಟಿಸಲು ಹೆಂಗಸರು ಸಿಗದೆ, ಫಾಲ್ಕೆಯವರು ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಿ ತಾರಾಮತಿ ಮಾಡಿಸಿದರು. ಅಲ್ಲಿ ಹೆಣ್ಣನ್ನು ಹೇಗೆ ತೋರಿಸಿದರು ಎಂಬ ಪ್ರಶ್ನೆ. ಇಲ್ಲಿ ಹೆಣ್ಣೇ ಇಲ್ಲ! ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಅದರಲ್ಲಿ ತ್ರಿಪುರಾಂಬ ಅವರು ನಾಯಕಿ. ಸಂಖ್ಯೆಯಾಗಿದ್ದ ಹೆಣ್ಣಿಗೆ ತೆರೆಯ ಮೇಲೆ ಹೆಸರು, ಕನ್ನಡದ ದನಿ ಎರಡೂ ಬಂದವು.

ಆದರೂ ಚೌಕಗಳ ಗೋಡೆ ಪೂರ್ತಿ ಉರುಳಿಲ್ಲ. ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರಚಿತ್ರಗಳು. ವಿದ್ಯಾರ್ಥಿಗಳು ಯಾವುದಾದರೂ ಒಂದು ಹಾಡನ್ನು ಅಲ್ಲಲ್ಲಿ ನಿಲ್ಲಿಸಿ ನೋಡಲಿ. ಹಾಳೆಯ ಎಡಗಡೆ ನಾಯಕ ಮಾಡುವ ಕೆಲಸ, ಬಲಗಡೆ ನಾಯಕಿ ಮಾಡುವ ಕೆಲಸ ಬರೆದುಕೊಳ್ಳಲಿ. ಕ್ಯಾಮೆರಾ ಯಾರ ಮುಖ ನೋಡಿತು, ಯಾರ ಸೊಂಟ ನೋಡಿತು ಎಂಬುದನ್ನೂ ಎಣಿಸಲಿ. ಮನೆಯವರೆಲ್ಲ ಜೊತೆಗೆ ಕೂತು ಮಾಡಬಹುದಾದ ಪ್ರಯೋಗವಿದು.