ಬೇಲಿನೇ ಎದ್ದು ಹೊಲ ಮೇಯ್ದಂಗೆ

ಹೋದ ವರ್ಷ ಚಳಿಗಾಲದಾಗೆ ಬೆಳಗ್ಗೆ ಎದ್ರೆ ನಂಗೆ ಬೆರಳು ಮಡ್ಸಕ್ಕಾಗ್ತಿರ್ಲಿಲ್ಲ. ಹಸು ಹಾಲು ಕರಿಯಕ್ಕೆ ಕೂತ್ರೆ ಕಣ್ಣಾಗೆ ನೀರು. ಬಿಸಿಲು ಏರಿದ ಮೇಲೇನೇ ಕೈ ಸ್ವಲ್ಪ ಸಡಿಲ ಆಗ್ತಿತ್ತು. ಎರಡು ಕೈಯಾಗೂ ಒಂದೇ ಥರ ಊತ.

"ಬೋರ್ ನೀರು ಕಣಮ್ಮ, ಫ್ಲೋರೈಡು" ಅಂದ್ರು ನಮ್ಮತ್ತೆ. ನಮ್ಮ ಹೋಳೂರು ಕಡೆ ಯಾರಿಗೆ ಕೈಕಾಲು ನೋವು ಬಂದ್ರೂ ಇದೇ ಮಾತು. ಸುಳ್ಳೇನಲ್ಲ. ಲೀಟರ್ ನೀರ್ನಾಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡು ವರ್ಷಗಟ್ಟಲೆ ಹೊಟ್ಟೆಗೆ ಹೋದ್ರೆ ಹಲ್ಲಿನ ಮೇಲೆ ಕಲೆ ಬೀಳ್ತದೆ, ಮೂಳೆ ಬಿಗೀತದೆ. ನಾನೂ ನಂಬಿ, ಫಿಲ್ಟರ್ ನೀರು ಕುಡ್ಕೊಂಡು ಐದು ತಿಂಗ್ಳು ಕಳ್ದೆ.

ಕೊನೆಗೆ ಕೀಲಿನ ಡಾಕ್ಟ್ರು ಬೆರಳು ಒತ್ತಿ ನೋಡಿ, ಆಂಟಿ ಸಿಸಿಪಿ ಅಂತ ರಕ್ತ ಪರೀಕ್ಷೆ ಮಾಡ್ಸಿ, ರುಮಟಾಯ್ಡ್ ಆರ್ಥ್ರೈಟಿಸ್ ಅಂದ್ರು. ರೋಗ ಬರ್ದಂಗೆ ಮೈ ಕಾಯೋ ಬಿಳಿ ರಕ್ತಕಣಗಳು ಇರ್ತಾವಲ್ಲ, ಅವು ದಾರಿ ತಪ್ಪಿರ್ತಾವಂತೆ. ಟಿ ಕಣಗಳು ಕೀಲಿನ ಒಳಗಿನ ತೆಳು ಪೊರೆಗೆ ನುಗ್ಗಿ ಬೇರೆ ಕಣಗಳನ್ನೂ ಎಬ್ಬಿಸ್ತಾವೆ. ಬಿ ಕಣಗಳು ನಮ್ಮ ಮೈಮೇಲೇ ಪ್ರತಿಕಾಯ ಮಾಡ್ತಾವೆ. ಟಿಎನ್‌ಎಫ್ ಅನ್ನೋ ರಸ ಸುರಿದು ಉರಿ ಏಳ್ತದೆ, ಪೊರೆ ದಪ್ಪ ಆಗಿ ಮೂಳೇನ ಕೊರೀತದೆ. ಗಂಡಸರಿಗಿಂತ ನಮ್ಮಂತ ಹೆಂಗಸರಿಗೇ ಎರಡು ಮೂರು ಪಟ್ಟು ಜಾಸ್ತಿ.

ಕೇಳಿಸ್ಕೊಂಡ ಅತ್ತೆ, "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು ಬಿಡು" ಅಂದ್ರು.

ಎಕ್ಸ್‌ರೇನಾಗೆ ಬಲಗೈ ಬೆರಳಿನ ಮೂಳೆ ಒಂಚೂರು ಸವೆದಿತ್ತು. ಸವೆದಿದ್ದು ವಾಪಸ್ ಬರಲ್ಲ, ಇನ್ನು ಸವೀದಂಗೆ ತಡೀಬೋದು ಅಂದ್ರು. ಆ ಐದು ತಿಂಗ್ಳು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರೀತದೆ.

ಮಾತ್ರೆ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದ್ರೆ ಪ್ರಾಣಕ್ಕೇ ಕುತ್ತು, ಅದ್ಕೇ ಕ್ಯಾಲೆಂಡರಾಗೆ ಭಾನುವಾರಕ್ಕೆ ಸುತ್ತು ಹಾಕಿದೀನಿ. ಆಗಾಗ ರಕ್ತ ಪರೀಕ್ಷೆ ಮಾಡ್ಸ್ಬೇಕು. ಮಗು ಬೇಕು ಅನ್ನೋರು ಮೊದ್ಲೇ ಡಾಕ್ಟ್ರಿಗೆ ಹೇಳ್ಬೇಕು, ಬಸುರಿನಾಗೆ ಈ ಮಾತ್ರೆ ಕೂಡ್ದು. ಕಾವಲು ಕಣಗಳ ಕೈ ಸ್ವಲ್ಪ ಕಟ್ಟಿರ್ತದಲ್ಲ, ಜ್ವರ ಬಂದ್ರೆ ಸುಮ್ನೆ ಕೂರಂಗಿಲ್ಲ.

ಈಗ ಹಾಲು ನಾನೇ ಕರೀತೀನಿ. ಮುದ್ದೆ ತೊಳ್ಸೋದು ಮಾತ್ರ ಅತ್ತೆನೇ.

ಅಕ್ಕಂದಿರಾ, ಬೆಳಗ್ಗೆ ಕೈ ಬಿಗಿ ಒಂದು ಗಂಟೆ ಮೇಲೂ ಬಿಡ್ಲಿಲ್ಲ, ಎರಡು ಕೈ ಸಣ್ಣ ಕೀಲೂ ಊದ್ಕೊಂಡವೆ ಅಂದ್ರೆ, ನೀರನ್ನ ಬೈಕೊಂಡು ಕೂರ್ಬೇಡಿ. ಬೇಗ ತೋರಿಸ್ಕೊಳ್ಳಿ.